ಎರಡು ಬೆರಳಿನ ನಮಸ್ಕಾರ

ಸೆಪ್ಟೆಂಬರ್ 6, ಗುರುವಾರ. ಬೆಳಿಗ್ಗೆ 6

ಉಪವಾಸ. ಮೌನವೂ. ಇಡೀ ದಿನ ನೀರು ಮಾತ್ರ. ಕಸ ಗುಡಿಸಿದೆ, ನೀರು ತುಂಬಿದೆ, ದೀಪ ಹಚ್ಚಿದೆ. ಆಸ್ಪತ್ರೆಗೆ ಕೊಡಬೇಕಾದ ಹೊದಿಕೆ ಇಪ್ಪತ್ತು — ಅಂಚು ಹೊಲಿದು ಗಂಟು ಕಟ್ಟಿಟ್ಟೆ. ಮಣಿಕಟ್ಟಿನ ನೋವು ಹೆಚ್ಚಾಗಿದೆ. ಬಟ್ಟೆ ಸುತ್ತಿಕೊಂಡು ಬರೆಯುತ್ತಿದ್ದೇನೆ.

ಹೊಲಿಗೆಯಿಂದ ಬಂದ ನೋವಲ್ಲ. ಅಪ್ಪನ ಮೋಟಾರ್‌ಸೈಕಲ್‌ನಿಂದ. ಮುಂದಿನ ಚಕ್ರದ ಕುಲುಕು ತಡೆಯುವ ಫೋರ್ಕ್ ಸತ್ತೇಹೋಗಿದೆ. ಗುಂಡಿ ಬಂದರೆ ಠಣ್... ಪೆಟ್ಟು ಹ್ಯಾಂಡಲ್ ಹತ್ತಿ ನೇರ ಕೈಗೆ. ನನಗಿಂತ ಎರಡು ವರ್ಷ ದೊಡ್ಡ ಗಾಡಿ. ಅದಕ್ಕೂ ಕೀಲುನೋವು ಬರಬಾರದೇ.

ರಾತ್ರಿ 8

ಆಸ್ಪತ್ರೆಯ ಗೇಟಿನಲ್ಲಿ ವಾಚ್‌ಮನ್ ಕೇಳಿದ: "ಏನ್ ಪೈಲಟ್ ಅಮ್ಮಾ, ಇವತ್ತು ಹಾರ್ನ್ ಕೆಟ್ಟಿದ್ಯಾ?" ಚೀಟಿ ಬರೆದು ತೋರಿಸಿದೆ: ಗುರುವಾರ. "ಓ, ಬಾಯಿಗೆ ರಜಾ!" ಎಂದ. ನಗು ತಡೆದುಕೊಳ್ಳುವುದೇ ವ್ರತದಲ್ಲಿ ಕಷ್ಟದ ಭಾಗ.

ಸೆಪ್ಟೆಂಬರ್ 8, ಶನಿವಾರ

ತಮ್ಮನ ವರ್ಕ್‌ಶಾಪಿಗೆ ಹೋದೆ. ಅವನೇ ಹೇಳಿಕಳಿಸಿದ್ದ. ಫೋರ್ಕ್ ಪೂರ್ತಿ ಬಿಚ್ಚಿ ಹೊಸ ಸ್ಪ್ರಿಂಗ್, ಹೊಸ ಸೀಲ್, ದಪ್ಪ ಆಯಿಲ್ ಹಾಕುತ್ತಾನಂತೆ. "ನಿನ್ನ ಕೈ ನೋಡೋಕಾಗಲ್ಲ ಅಕ್ಕಾ" ಅಂದ. ಕಣ್ಣಲ್ಲಿ ನೀರು ಬಂತು. ಎತ್ತಿ ಆಡಿಸಿದ ಕೂಸು.

"ನಿನ್ನ ತೂಕ ಎಷ್ಟು?"

"ಹೆಂಗಸರ ತೂಕ ಕೇಳ್ತಾರೇನೋ?"

"ನಾನಲ್ಲ, ಸ್ಪ್ರಿಂಗ್ ಕೇಳ್ತಿದೆ."

ನಲವತ್ತೆಂಟು ಅಂದೆ. ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದುಕೊಂಡ. ಯಾರು ಓಡಿಸುತ್ತಾರೋ ಅವರ ಭಾರಕ್ಕೆ ತಕ್ಕ ಸ್ಪ್ರಿಂಗ್ ಇರಬೇಕು. ಅಪ್ಪ ಇದಕ್ಕೆ ನಮಸ್ಕಾರ ಅನ್ನುತ್ತಿದ್ದರು. "ಕೂತವರಿಗೆ ಗಾಡಿ ಎರಡು ಬೆರಳು ಬಗ್ಗಿ ನಮಸ್ಕಾರ ಮಾಡ್ಬೇಕು. ಸಾಷ್ಟಾಂಗ ಬೀಳಬಾರ್ದು, ಸೆಟೆದೂ ನಿಲ್ಲಬಾರ್ದು." ಫೋರ್ಕಿನ ಕೊಳವೆಗೆ ದಾರ ಕಟ್ಟಿ ಕೂರುವುದು. ದಾರ ಎಷ್ಟು ಮೇಲೆ ಸರಿಯಿತೋ ಅಷ್ಟು ನಮಸ್ಕಾರ. ಹದಿನಾರು ವರ್ಷದವಳಿದ್ದಾಗ ನನ್ನನ್ನು ಕೂರಿಸಿ ಅಳೆದಿದ್ದರು. ತೀರಿಹೋಗುವ ಮುಂಚೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿ, ಕೀಲಿಯನ್ನೂ ನನ್ನ ಕೈಗೇ ಕೊಟ್ಟರು.

ಸೆಪ್ಟೆಂಬರ್ 13, ಗುರುವಾರ

ಉಪವಾಸ, ಮೌನ. ಗಾಡಿ ವರ್ಕ್‌ಶಾಪಲ್ಲಿ; ಗಂಟು ಹೊತ್ತು ಆಸ್ಪತ್ರೆಗೆ ನಡೆದೇ ಹೋಗಿಬಂದೆ.

ಮಧ್ಯಾಹ್ನ ತಮ್ಮ ಬಂದ. ಕೈಯಲ್ಲಿ ಇಂಗ್ಲಿಷ್ ಫಾರ್ಮ್. "ಫೋರ್ಕ್ ಬದಲಾಯ್ಸಿದ್ರೆ ಕಾಗದದಲ್ಲಿ ಏರಿಸ್ಬೇಕಕ್ಕಾ. ಇಲ್ಲಿ, ಇಲ್ಲಿ, ಇಲ್ಲಿ." ಮೂರು ರುಜು ಯಾಕೆ ಎಂದು ಕೇಳಬೇಕೆನ್ನಿಸಿತು. ಚೀಟಿ ಪುಸ್ತಕ ಒಳಗೆ ಹೊಲಿಗೆ ಮೆಷಿನ್ನಿನ ಡ್ರಾಯರ್‌ನಲ್ಲಿತ್ತು. ಅವನು ಪೆನ್ನಿನ ಮುಚ್ಚಳ ತೆಗೆದು ಹಿಡಿದೇ ನಿಂತಿದ್ದ. "ಮಾತಾಡ್ಬೇಡ, ಪುಣ್ಯ ಕಳ್ಕೋತೀಯ" ಎಂದು ನಕ್ಕ.

ಹಾಕಿಕೊಟ್ಟೆ. ನನ್ನ ವ್ರತಕ್ಕೆ ಎಷ್ಟು ಮರ್ಯಾದೆ ಕೊಡುತ್ತಾನೆ ಎಂದು ಹಿಗ್ಗಿದೆ ಕೂಡ.

ಸೆಪ್ಟೆಂಬರ್ 24, ಸೋಮವಾರ. ಸಂಜೆ

ಬರೆಯಲೇಬೇಕು.

ಫೋರ್ಕ್ ರೆಡಿ ಎಂದು ಗೊತ್ತಾಯಿತು. ಯಾರೂ ಕರೆಯಲಿಲ್ಲ, ನಾನೇ ಹೋದೆ. ತಮ್ಮ ಇರಲಿಲ್ಲ. ಲೇತ್ ಮೆಷಿನ್ ನಡೆಸುವ ಮೇಷ್ಟ್ರು ಒಬ್ಬರೇ — ಅಪ್ಪನ ಕಾಲದಿಂದ ಅಲ್ಲಿರುವವರು. ಗಾಡಿ ಹೊಸ ಮದುಮಗನ ಹಾಗೆ ನಿಂತಿತ್ತು. ಕೊಳವೆ ಕನ್ನಡಿಯಂತೆ ಥಳಥಳ. ಬ್ಯಾಗಿನಿಂದ ಕೆಂಪು ದಾರ ತೆಗೆದು ಕಟ್ಟಿದೆ. ದೇವರ ಹೆಸರು ಹೇಳಿ ಹತ್ತಿ ಕೂತೆ. ಇಳಿದು ನೋಡಿದೆ.

ದಾರ ಒಂದು ಹೊಲಿಗೆಯಷ್ಟೂ ಸರಿದಿರಲಿಲ್ಲ.

ಮತ್ತೆ ಕೂತೆ. ಕುಲುಕಿದೆ. ಗಾಡಿ ಸೆಟೆದೇ ನಿಂತಿತ್ತು. ಅಪ್ಪನ ಗಾಡಿ ನನಗೆ ನಮಸ್ಕಾರವನ್ನೇ ಮಾಡಲಿಲ್ಲ.

ಗೋಡೆ ನೋಡಿದೆ. ನಲವತ್ತೆಂಟು ಒರೆಸಿತ್ತು. ಅದರ ಮೇಲೆ ತೊಂಬತ್ತೆರಡು.

"ಯಾರ ತೂಕ ಮೇಷ್ಟ್ರೇ ಇದು?"

ಅವರು ಲೇತ್ ನಿಲ್ಲಿಸಿದರು. "ಈ ವರ್ಕ್‌ಶಾಪಲ್ಲಿ ತೊಂಬತ್ತೆರಡು ಕೆ.ಜಿ. ಯಾರಿದಾರಮ್ಮಾ? ನಿಮ್ಮ ತಮ್ಮ ನಿಮಗೆ ಹೇಳಿದಾನೆ ಅಂದ್ಕೊಂಡಿದ್ದೆ. ಗಾಡಿ ತನ್ನ ಹೆಸರಿಗೆ ಆಗ್ತಿದೆ, ಅಕ್ಕನೇ ರುಜು ಹಾಕಿ ಕೊಟ್ಲು ಅಂದ."

ಅಷ್ಟರಲ್ಲಿ ತಮ್ಮ ಬಂದ. ದಾರ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು.

"ಮಗ ನಾನಲ್ವಾ ಅಕ್ಕಾ? ಅಪ್ಪ ನಿನ್ನ ಕೈಗೆ ಕೀಲಿ ಕೊಟ್ಟಾಗ ಪಕ್ಕದಲ್ಲೇ ನಿಂತಿದ್ದೆ. ಯಾರಾದ್ರೂ ನನ್ನೊಂದು ಮಾತು ಕೇಳಿದ್ರಾ?"

"ನೀನು ನನ್ನ ಕೇಳಿದ್ಯೇನೋ?"

"ಕೇಳಿದ್ರೆ ನೀನು ಇಲ್ಲ ಅಂತಿದ್ದೆ."

"ಅದಕ್ಕೇ ಗುರುವಾರ ನೋಡ್ಕೊಂಡು ಬಂದ್ಯಾ?"

ತಲೆ ತಗ್ಗಿಸಿದ.

ಇಲ್ಲ ಅನ್ನುತ್ತಿದ್ದೆನೇ? ಗೊತ್ತಿಲ್ಲ. ಹೂಂ ಅಂದರೂ ಅಂದೇನು. ನನ್ನ ಮನಸ್ಸು ನನಗೇ ಗೊತ್ತಾಗುವುದಕ್ಕೂ ಅವನು ಬಿಡಲಿಲ್ಲ. ದೇವರಿಗೆಂದು ಮುಚ್ಚಿದ ಬಾಯನ್ನು ತನ್ನ ಕೆಲಸಕ್ಕೆ ಬಳಸಿಕೊಂಡ... ದಾರ ಬಿಚ್ಚಿಕೊಂಡು ನಡೆದುಬಂದೆ.

ಸೆಪ್ಟೆಂಬರ್ 27, ಗುರುವಾರ

ಉಪವಾಸ. ಮೌನ. ದೀಪದ ಮುಂದೆ ಕೂತರೆ ಮೂರು ರುಜುಗಳೇ ಕಾಣುತ್ತವೆ.

ಅಕ್ಟೋಬರ್ 4, ಗುರುವಾರ. ಬೆಳಿಗ್ಗೆ 10

ಉಪವಾಸ. ಗುಡಿಸಿದೆ. ದೀಪ ಹಚ್ಚಿದೆ.

ಬಂದಿದ್ದಾರೆ. ತಮ್ಮ, ಅವನ ಹೆಂಡತಿ. ಅವನು ಬೀದಿಯಲ್ಲಿ, ಗಾಡಿಯ ಮೇಲೇ ಕೂತಿದ್ದಾನೆ. ಕಿಟಕಿಯಿಂದ ನೋಡಿದೆ... ಅವನಿಗೆ ಸರಿಯಾಗಿ ಎರಡು ಬೆರಳು ಬಗ್ಗಿದೆ.

ಅವಳು ಕಿಟಕಿಯ ಹತ್ತಿರ ಬಂದು ಹೇಳಿದಳು: "ಅತ್ತಿಗೆ, ಗಾಡಿಯ ಹಳೇ ಆರ್‌ಸಿ ಪುಸ್ತಕ ಕೊಟ್ರೇನೇ ಹೆಸರು ಬದಲಾಯ್ಸೋದು ಅಂದ್ರಂತೆ ಆಫೀಸಿನವ್ರು. ಕೊಡ್ತೀರೋ ಇಲ್ವೋ, ಒಂದು ಮಾತು ಹೇಳಿಬಿಡಿ."

"ಇವತ್ತು ಮಾತಾಡಲ್ಲ ಕಣೇ, ಗುರುವಾರ" ಎಂದ ಅವನು.

"ಗೊತ್ತಿದ್ದೂ ಇವತ್ತೇ ಕರ್ಕೊಂಡ್ ಬಂದ್ರಾ?" ಎಂದಳು. ಅವಳಿಗೆ ಏನೋ ಹೊಳೆಯಿತು. ಜಗುಲಿಯಲ್ಲಿ ಕೂತಳು.

ಗಾಡಿಯ ಪುಸ್ತಕ ಅಪ್ಪ ಇಟ್ಟಲ್ಲೇ ಇದೆ, ದೇವರ ಪೀಠದ ಕೆಳಗೆ. ಬೈಗುಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. ಇವನಿಗಾಗಿ ವ್ರತ ಯಾಕೆ ಕೆಡಿಸಿಕೊಳ್ಳಲಿ. ಈ ಸಲ ಚೀಟಿ ಪುಸ್ತಕ ಸೊಂಟದಲ್ಲೇ ಇದೆ. ಬರೆದೆ:

"ಪುಸ್ತಕ ಕೊಡುವುದಿಲ್ಲ. ನಲವತ್ತೆಂಟರ ಸ್ಪ್ರಿಂಗ್ ಹಾಕಿ ಗಾಡಿ ತಂದು ಬಾಗಿಲಲ್ಲಿ ನಿಲ್ಲಿಸು. ಮತ್ತೇನಾದರೂ ಕೇಳುವುದಿದ್ದರೆ ನಾಳೆ ಬಾ. ನಾಳೆ ನನಗೆ ಬಾಯಿ ಇರುತ್ತದೆ."

ಮಡಚಿ ಕೆಂಪು ದಾರ ಸುತ್ತಿದ್ದೇನೆ. ಹೊಸ್ತಿಲ ಮೇಲೆ, ಕತ್ತರಿಯ ಕೆಳಗೆ ಇದೆ. ನಾನು ಹೊರಗೆ ಬರಲಾರೆ, ಅವನ ಮುಖ ನೋಡಿದರೆ ಅತ್ತುಬಿಡುತ್ತೇನೆ. ಜಗುಲಿಯಲ್ಲಿ ಕೂತ ತಾಯೀ, ನೀನೇ ಎದ್ದು ಬಂದು ತೆಗೆದುಕೊಂಡು ಹೋಗಮ್ಮ. ಅವನು ಬೇಡ, ನೀನು—