‘ನೆರವು ಕೇಳಲಿಲ್ಲ’ ಎಂದು ನೀವು ಬರೆದ ಸಾಲು

ಪ್ರಥಮ ವರ್ಷದ ವಿದ್ಯಾರ್ಥಿಗಳ ಯೋಗಕ್ಷೇಮಕ್ಕೆಂದೇ ನೇಮಕಗೊಂಡ ಮಾನ್ಯರೇ,

ನನ್ನ ಮಗಳು ಸಿಯೆನಿಯ ಕಡತದಲ್ಲಿ ನಿಮ್ಮ ಕಚೇರಿ ಹೀಗೆ ಬರೆದಿದೆ: ‘ನೆರವು ಲಭ್ಯವಿದ್ದರೂ ವಿದ್ಯಾರ್ಥಿನಿ ಕೇಳಲಿಲ್ಲ.’ ಆ ಒಂದು ಸಾಲಿನಿಂದ ಅವಳ ಮರುಪ್ರವೇಶದ ಅರ್ಜಿ ತಿರಸ್ಕೃತವಾಗಿದೆ. ಆ ಸಾಲು ಸುಳ್ಳು. ನಾನು ದಕ್ಷಿಣ ಆಕ್ಲೆಂಡಿನಲ್ಲಿ ಸಿಟಿ ಬಸ್ಸು ಓಡಿಸುವವನು, ನಯವಾಗಿ ಹೇಳುವುದು ನನಗೆ ಬರುವುದಿಲ್ಲ.

ಕಳೆದ ವರ್ಷದ ಆಗಸ್ಟಿನಲ್ಲಿ ನಿಮ್ಮ ಕಾಲೇಜು ನೋಡುವ ದಿನ ನಾವು ಹನ್ನೊಂದು ಮಂದಿ ಬಂದಿದ್ದೆವು, ನನ್ನ ತಾಯಿಯೂ ಸೇರಿ. ಉಳಿದವರು ಗ್ರಂಥಾಲಯ, ಈಜುಕೊಳ ನೋಡಿದರು. ನಮಗೆ ಬೇಕಿದ್ದದ್ದು ಒಂದೇ: ಹುಡುಗಿಗೆ ಕಷ್ಟ ಬಂದರೆ ಇಲ್ಲಿ ಯಾರಿದ್ದಾರೆ? ದೊಡ್ಡ ಸಭಾಂಗಣದಲ್ಲಿ ‘ಪೆಸಿಫಿಕ್ ದ್ವೀಪಗಳ ಮಕ್ಕಳ ನೆರವು’ ಎಂಬ ಫಲಕ, ಒಂದು ಮೇಜು. ಅದರ ಹಿಂದೆ ಕಿವಿಗೆ ಹೂ ಸಿಕ್ಕಿಸಿಕೊಂಡ ಲುಸಿಯಾ ಎಂಬ ಹುಡುಗಿ, ನಮ್ಮ ಸಮೋವಾದವಳೇ. "ಏನಿದ್ರೂ ನನ್ ಹತ್ರ ಬಾ ಕಣೇ, ನಾನಿದೀನಲ್ಲ!" ಎಂದಳು. ನನ್ನ ತಾಯಿ ನಮ್ಮ ಪದ್ಧತಿಯಂತೆ ಅಲ್ಲೇ ನಿಂತು ಭಾಷಣ ಮಾಡಿ, ಅದಕ್ಕೆಂದೇ ಹೊತ್ತು ತಂದಿದ್ದ ಮನೆಯ ಹಳೆಯ ನಯವಾದ ಚಾಪೆಯನ್ನು, ನಮ್ಮಲ್ಲಿ ಅದಕ್ಕಿಂತ ದೊಡ್ಡ ಕಾಣಿಕೆಯಿಲ್ಲ, ಅವಳ ಕೈಗಿಟ್ಟರು. "ನಮ್ ಕೂಸನ್ನ ನಿನ್ ಮಡಿಲಿಗೆ ಹಾಕಿದೀವಿ ತಾಯಿ." ನಿಮ್ಮ ಸಿಬ್ಬಂದಿ ಫೋಟೋ ತೆಗೆದರು. ಈ ವರ್ಷದ ನಿಮ್ಮ ಪುಸ್ತಿಕೆಯಲ್ಲಿ ಅದು ಬಹಳ ಚೆನ್ನಾಗಿ ಬಂದಿದೆ, ಅಭಿನಂದನೆಗಳು.

ತಪ್ಪು ನಮ್ಮದೂ ಇದೆ. "ಕ್ಲಾಸು ಶುರುವಾದ್ಮೇಲೂ ನೀನು ಇಲ್ಲಿರ್ತೀಯಾ ತಂಗಿ?" ಎಂದು ಹನ್ನೊಂದು ಮಂದಿಯಲ್ಲಿ ಒಬ್ಬರೂ ಕೇಳಲಿಲ್ಲ. ಚಾಪೆ ಕೊಟ್ಟ ಮೇಲೆ ಹಾಗೆ ಕೇಳುವುದು ನಮ್ಮಲ್ಲಿ ಅವಮಾನ. ಚಾಪೆ ಪಡೆದವರನ್ನು ಬಿಟ್ಟು ಇನ್ನೊಬ್ಬರ ಬಾಗಿಲು ತಟ್ಟುವುದು ಅದಕ್ಕಿಂತ ದೊಡ್ಡ ಅವಮಾನ.

ಮಾರ್ಚಿನಲ್ಲಿ ಕ್ಲಾಸು ಶುರುವಾಯಿತು. ಜೂನಿನಲ್ಲಿ ಲುಸಿಯಾ ಆ ಚಾಪೆ ಹೊತ್ತು ನಮ್ಮ ಮನೆಗೆ ಬಂದಳು.

"ಅಂಕಲ್, ನನ್ನ ಅವತ್ತು ಒಂದೇ ದಿನಕ್ಕೆ ಕೂರಿಸಿದ್ರು. ಆಮೇಲೆ ನಾನು ವೆಲಿಂಗ್ಟನ್‌ಗೆ ಹೋದೆ. ಇದನ್ನ ಮನೇಲಿಟ್ಕೊಂಡು ನಿದ್ದೆ ಬರ್ತಿಲ್ಲ. ಸಿಯೆನಿ ಹೇಗಿದಾಳೆ?"

"ಚೆನ್ನಾಗಿದಾಳಮ್ಮ, ಕಾಲೇಜಿಗೆ ಹೋಗಿದಾಳೆ."

ಅವಳು ಅತ್ತುಬಿಟ್ಟಳು. "ಅವಳ ಜೊತೆಯವರನ್ನ ವಿಚಾರಿಸ್ದೆ ಅಂಕಲ್. ಏಪ್ರಿಲ್‌ನಿಂದ ಕ್ಲಾಸಿಗೇ ಬಂದಿಲ್ವಂತೆ."

ಅಯ್ಯೋ ದೇವರೇ, ದಿನವೂ ಏಳಕ್ಕೆ ಊಟದ ಡಬ್ಬಿ ಹಿಡಿದು ಹೊರಡುತ್ತಿದ್ದ ಹುಡುಗಿ! ಸಂಜೆ ಎದುರಿಗೆ ಕೂರಿಸಿಕೊಂಡು ಕೇಳಿದೆ, "ಎಲ್ಲಿಗೆ ಹೋಗ್ತಿದ್ದೆ ಮಗಾ?"

"ಅದೇ ದೊಡ್ಡ ಹಾಲ್‌ಗೆ ಅಪ್ಪಾ. ಪಾಠ ಅರ್ಥವಾಗ್ತಿರ್ಲಿಲ್ಲ. ಅವತ್ತು ಮೇಜು ಇತ್ತಲ್ಲ, ಅಲ್ಲೇ ನೆಲದ ಮೇಲೆ ಕೂತು ಲುಸಿಯಾಗೆ ಕಾಯ್ತಿದ್ದೆ."

"ಯಾರೂ ಮಾತಾಡಿಸ್ಲಿಲ್ವಾ?"

"ನೆಲ ಒರೆಸೋರು ‘ಸ್ವಲ್ಪ ಪಕ್ಕಕ್ಕೆ ಸರಿ’ ಅಂದ್ರು."

ಗೈರುಹಾಜರಿಯ ಬಗ್ಗೆ ನಿಮ್ಮ ಗಣಕಯಂತ್ರ ಅವಳಿಗೆ ಒಂಬತ್ತು ಇಮೇಲ್ ಕಳಿಸಿತಂತೆ. ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಕೂರುವ ನೀವು ಒಮ್ಮೆಯಾದರೂ ಮೆಟ್ಟಿಲಿಳಿದು ಬಂದಿರಾ? ನಿಮ್ಮ ಗೇಟಿನೆದುರು ಬಸ್ಸು ನಿಲ್ಲಿಸಿದಾಗಲೆಲ್ಲ ಆ ಖಾಲಿ ಸಭಾಂಗಣ ನನ್ನ ಕಣ್ಣಿಗೆ ಕಟ್ಟುತ್ತದೆ. ಒಂಟಿಯಾಗಿ ಹತ್ತುವ ಪ್ರತಿ ಹುಡುಗಿಯೂ ನನಗೆ ಸಿಯೆನಿಯಾಗಿಯೇ ಕಾಣುತ್ತಾಳೆ. ಬಾಗಿಲು ಮುಚ್ಚಲು ಕೈ ಬರುವುದಿಲ್ಲ, ಹಿಂದಿನಿಂದ ಜನ ಬೈಯುತ್ತಾರೆ.

ನನ್ನ ಬೇಡಿಕೆ ಇಷ್ಟೆ. ಆ ಸಾಲನ್ನು ಹೊಡೆದುಹಾಕಿ ಅವಳನ್ನು ಮತ್ತೆ ಸೇರಿಸಿಕೊಳ್ಳಿ. ಆಗದಿದ್ದರೆ ನಮ್ಮ ಮನೆಗೆ ಬಂದು, ಅವಳೆದುರು ನಿಂತು ಆ ಸಾಲನ್ನು ಗಟ್ಟಿಯಾಗಿ ಓದಿ. ಹೆದರಬೇಡಿ, ಅವಳು ನಿಮ್ಮನ್ನು ದೂರುವವಳಲ್ಲ. ಈಗಲೂ ಅವಳು ಹೇಳುವುದು ಒಂದೇ ಮಾತು: "ನಾನು ಇನ್ನೊಂದ್ ವಾರ ಕಾದಿದ್ರೆ ಯಾರಾದ್ರೂ ಬರ್ತಿದ್ರೇನೋ ಅಪ್ಪಾ."

ಇಂತಿ,
ದಿನವೂ ‘ಕಾಲೇಜು ಹೇಗಿತ್ತು’ ಎಂದಷ್ಟೇ ಕೇಳಿ ಸುಮ್ಮನಾಗುತ್ತಿದ್ದ ಅಪ್ಪ,
ಫೆರೆಟಿ