ಎಪ್ಪತ್ತೈದರಲ್ಲಿ ನಿಂತ ಮಾರ್ಗಳಿ

ಡಿಸೆಂಬರ್ 27, ಶನಿವಾರ. ಬೆಳಿಗ್ಗೆ 7.10

75.4. ನಿನ್ನೆಯೂ ಅದೇ ತೂಕ. ಮೊನ್ನೆಯೂ ಅದೇ.

ಕೊಳದ ಸುತ್ತ ನಾಲ್ಕು ಸುತ್ತು, ಆಮೇಲೆ ಪೆರುಮಾಳ್ ಕೋವಿಲ್ ಬೀದಿ, ಮನೆ. ಕೊಳದ ಹತ್ತಿರ ಹೃದಯ ಬಡಿತ 112ರಿಂದ 124. ಡಾಕ್ಟರು ಹಾಕಿದ ಗೆರೆಯೊಳಗೇ. ಗೆರೆ ದಾಟಿದರೆ ವಾಚು ಮಣಿಕಟ್ಟಿನಲ್ಲಿ ಗುರ್ ಎನ್ನುತ್ತದೆ. ಇವತ್ತು ಅನ್ನಲಿಲ್ಲ.

ಮಂಜು. ಆಚೆ ದಡ ಕಾಣಲಿಲ್ಲ. ಮೈಕಿನಲ್ಲಿ ಪೆರುಮಾಳಿನ ಪಾಶುರ, ಯಾವ ದೇವಸ್ಥಾನದ್ದೋ ತಿಳಿಯದು — ಕುಂಭಕೋಣದಲ್ಲಿ ಮಾರ್ಗಳಿ ತಿಂಗಳು, ಧನುರ್ಮಾಸವೆಂದರೆ ನಾಲ್ಕೂ ದಿಕ್ಕಿನಿಂದ ಹಾಡು. ಮೂರನೇ ಸುತ್ತಿಗೆ ಕಾಲು ನನ್ನದಲ್ಲ ಅನ್ನಿಸಿತು. ನಾನು ನಿಂತೇ ಇದ್ದೇನೆ, ಕೊಳವೇ ಮೆಲ್ಲಗೆ ತಿರುಗುತ್ತಿದೆ... ದಿನಾ ಜೊತೆಗೆ ನಡೆಯುವ ಮಂಗೈ ಟೀಚರ್ ಪಕ್ಕದಲ್ಲಿ ಏನೋ ಹೇಳುತ್ತಿದ್ದರು. ಕೇಳಿಸಲಿಲ್ಲ.

ಡಿಸೆಂಬರ್ 29, ಸೋಮವಾರ. ಮಧ್ಯಾಹ್ನ, ಕೌಂಟರ್ ಖಾಲಿ

75.4. ಜಪ್ಪಯ್ಯ ಎಂದರೂ ಅಲುಗಾಡದು.

ಆಗಸ್ಟಿನಲ್ಲಿ 83 ಇದ್ದವಳು. ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ಇಳಿಯುತ್ತಾ ಬಂದೆ. ಡಿಸೆಂಬರ್ ಹದಿನೈದರ ನಂತರ ಮೊಳೆ ಹೊಡೆದ ಹಾಗೆ ನಿಂತಿತು. ಇಪ್ಪತ್ತೆರಡು ವರ್ಷದಿಂದ ಈ ಪೋಸ್ಟಾಫೀಸಿನಲ್ಲಿ ಊರಿನವರ ಪಾರ್ಸೆಲ್ ತೂಗಿದ್ದೇನೆ. ಗ್ರಾಂ ತಪ್ಪಿದ್ದಿಲ್ಲ. ನನ್ನ ತೂಕ ಮಾತ್ರ ನನಗೆ ಅರ್ಥವಾಗುತ್ತಿಲ್ಲ.

74 ಆಗಬೇಕು. ಜನವರಿ 19ರೊಳಗೆ. ಇಲ್ಲದಿದ್ದರೆ ತಂಜಾವೂರಿನ ಡಾಕ್ಟರು ನನ್ನ ಕಿಡ್ನಿ ಮುಟ್ಟುವುದಿಲ್ಲ. ನನ್ನ ತಮ್ಮ ಇಳಂಗೋನ ಎರಡೂ ಕಿಡ್ನಿ ಕೆಟ್ಟಿವೆ, ಅವನಿಗೆ ಬೇರೆ ಯಾರದೂ ಹೊಂದುವುದಿಲ್ಲ. ಅವನ ಹೆಂಡತಿ ಪೂಂಗೊಡಿಯ ರಕ್ತ ಬೇರೆ ಗುಂಪು. ಮಗಳಿಗೆ ಇನ್ನೂ ಹದಿನಾರು. ಉಳಿದವಳು ನಾನೊಬ್ಬಳೇ, ಮದುವೆಯಾಗದ ದಪ್ಪ ಅಕ್ಕ.

ತಿಂದದ್ದೆಲ್ಲ ಸಣ್ಣ ಪುಸ್ತಕದಲ್ಲಿ ಬರೆಯುತ್ತೇನೆ. ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ಒಂದು ಲೋಟ ಅನ್ನ, ಕೂಟು, ಮಜ್ಜಿಗೆ. ಸಂಜೆ ಗೋಧಿ ದೋಸೆ ಒಂದು. ಸುಳ್ಳಿಲ್ಲ, ತಟವಟವಿಲ್ಲ. ಆದರೂ...

ಡಿಸೆಂಬರ್ 30, ಮಂಗಳವಾರ

ವೈಕುಂಠ ಏಕಾದಶಿ. ನೀರು ಬಿಟ್ಟು ಏನೂ ಇಲ್ಲ. ತಲೆ ಹಗುರ, ರಸ್ತೆ ಹಗುರ. ಹಸಿವಿನಲ್ಲಿ ನಡೆಯುವುದು ಒಂಥರಾ ತೇಲುವುದು. ಬೀದಿಯ ರಂಗೋಲಿಗಳ ಮೇಲೆ ಕಾಲು ಊರದೆ ಬಂದೆ ಅನ್ನಿಸಿತು.

ಇಳಂಗೋಗೆ ಇವತ್ತು ಡಯಾಲಿಸಿಸ್. ಮಂಗಳವಾರ, ಶುಕ್ರವಾರ, ನಾಲ್ಕು ಗಂಟೆ. ಅವನದು ಕಾಫಿ ಅಂಗಡಿ. ದಿನಕ್ಕೆ ಮುನ್ನೂರು ಲೋಟ ಡಿಗ್ರಿ ಕಾಫಿ ಎತ್ತಿ ಹೊಯ್ದು ಕೊಡುವವನು. ಅವನಿಗೆ ಮಾತ್ರ ದಿನಕ್ಕೆ ಮುಕ್ಕಾಲು ಲೀಟರ್ ನೀರು, ಅದರಲ್ಲೇ ಕಾಫಿಯೂ ಸೇರಬೇಕು. ಅರ್ಧ ಲೋಟ ಹಾಕಿಕೊಂಡು, ಮೂಸಿ, ಒಂದು ಗುಟುಕು ಕುಡಿದು ಇಡುತ್ತಾನೆ. ನೋಡಲಾಗುವುದಿಲ್ಲ.

ಜನವರಿ 1

75.6. ಉಪವಾಸ ಮಾಡಿದವಳಿಗೆ ಇನ್ನೂರು ಗ್ರಾಂ ಬಹುಮಾನ.

ಮಂಗೈ ಟೀಚರ್ ಶಾಲೆಯಲ್ಲಿ ನನಗೆ ಗಣಿತ ಹೇಳಿಕೊಟ್ಟವರು. ದೇವಸ್ಥಾನದ ಜಗಲಿಯ ಮೇಲೆ ಕೂತು ದೊನ್ನೆ ನನ್ನ ಕಡೆ ಸರಿಸಿ ಹೇಳಿದರು: ದೇಹಕ್ಕೆ ನಡಿಗೆ ಅಭ್ಯಾಸವಾಗಿಬಿಡುತ್ತೆ, ಅದಕ್ಕೇ ನಿಲ್ಲೋದು, ಇನ್ನೊಂದು ಸುತ್ತು ಸೇರಿಸು. ಆಗಲಿ ಅಂದೆ. ನಾಳೆಯಿಂದ ಐದು.

ಜನವರಿ 2, ಶುಕ್ರವಾರ

ಬೆಳಗಿನ ಜಾವದ ಕನಸು. ಕೊಳದ ನೀರಿನ ಮೇಲೆ ನಡೆಯುತ್ತಿದ್ದೇನೆ. ಕೆಳಗೆ ಇಳಂಗೋ, ಐದು ವರ್ಷದವನು, ಕೆಂಪು ಚಡ್ಡಿ, ಕಣ್ಣು ಬಿಟ್ಟುಕೊಂಡು ಮಲಗಿದ್ದಾನೆ. ನನ್ನ ವಾಚು ಅವನ ಬಡಿತ ತೋರಿಸುತ್ತಿದೆ. ನಿಂತರೆ ಮುಳುಗುತ್ತೇನೆ, ನಡೆದರೆ ಅವನು ಹಿಂದೆ ಉಳಿಯುತ್ತಾನೆ. ಎದ್ದಾಗ ಮೈಕು ಶುರುವಾಗಿತ್ತು.

75.5.

ಜನವರಿ 6, ಮಂಗಳವಾರ. ಸಂಜೆ

ಬರೆಯಲು ಕೈ ಬರುತ್ತಿಲ್ಲ.

ಇಳಂಗೋ ನನ್ನ ಕಿಡ್ನಿ ಬೇಡವೆಂದ. ಡಯಾಲಿಸಿಸ್ ಮುಗಿಸಿ ಬಂದು, ಚಪ್ಪಲಿ ಬಿಡುತ್ತಾ, ಅಂಗಡಿಗೆ ಹಾಲು ಬೇಡ ಅನ್ನುವಷ್ಟು ಸಲೀಸಾಗಿ. ಡಾಕ್ಟರಿಗೂ ಹೇಳಿಬಿಟ್ಟಿದ್ದಾನಂತೆ. ಯಾಕೆ ಎಂದೆ, ಕಾಲು ತೊಳೆಯಲು ಹೋದ. ಪೂಂಗೊಡಿ ಅಡುಗೆಮನೆಯಲ್ಲಿ ಅಳುತ್ತಿದ್ದಳು. ನನಗೆ ಕೋಪ ಬಂತು. ಐದು ತಿಂಗಳು ಈ ಮೈಯನ್ನು ಎಳೆದಾಡಿದ್ದು ಯಾರಿಗಾಗಿ? ಅವನು ಟಿವಿ ನೋಡುತ್ತಾ ಕೂತ. ಟಿವಿ ಹಾಕಿರಲಿಲ್ಲ.

ಜನವರಿ 7

ನಡೆದೆ. ಯಾಕೆ ಅಂತ ಗೊತ್ತಿಲ್ಲ, ನಡೆದೆ. 75.4.

ಜನವರಿ 9, ಶುಕ್ರವಾರ. ಮಧ್ಯಾಹ್ನ 2.00, ಡಯಾಲಿಸಿಸ್ ಕೋಣೆಯ ಹೊರಗೆ

ಅರ್ಧ ದಿನ ರಜೆ ಹಾಕಿ ಇಳಂಗೋ ಜೊತೆಗೆ ಬಂದೆ. ತಪ್ಪಿಸಿಕೊಳ್ಳಲಾರ, ಕೈಗೆ ಎರಡು ಸೂಜಿ. ಕೇಳಿದೆ. ಸೂಜಿಯಿಲ್ಲದ ಕೈಯಿಂದ ದಿಂಬಿನಡಿ ತಡಕಿದ. ಆಮೇಲೆ ಫೋನು ನನ್ನ ಕಡೆ ತಿರುಗಿಸಿದ.

ನನ್ನ ಹಳೆಯ ಫೋನಿಗೆ ಈ ವಾಚು ಕೂಡಿಕೊಳ್ಳುವುದಿಲ್ಲ. ಅದಕ್ಕೇ ಅವನ ಫೋನಿಗೆ ಸೇರಿಸಿದ್ದ. ರಾತ್ರಿ ಮನೆಯಲ್ಲಿ ನನ್ನ ದಿನವೆಲ್ಲ ಅದಕ್ಕೆ ಹೋಗಿ ಸೇರುತ್ತದೆ. ಡಯಾಲಿಸಿಸ್ ಹಾಸಿಗೆಯಲ್ಲಿ ಮಲಗಿ ನನ್ನ ಹೃದಯದ ಗೆರೆ ನೋಡುತ್ತಿದ್ದನಂತೆ. ಬೇರೆ ಕೆಲಸವೇನು, ನಾಲ್ಕು ಗಂಟೆ.

"ಅಕ್ಕಾ, ದಿನಾ ಬೆಳಿಗ್ಗೆ ಆರೂ ಹತ್ತಕ್ಕೆ ನಿನ್ನ ಗೆರೆ ದೊಪ್ಪಂತ ಬೀಳುತ್ತೆ. ಕಾಲು ಗಂಟೆ ಏಳೋದೇ ಇಲ್ಲ. ಮೂರು ವಾರದಿಂದ ಹಿಂಗೇ. ನಿಂಗೆ ಹಾರ್ಟ್‌ದು ಏನೋ ಇದೆ. ನಂಗೋಸ್ಕರ ಮುಚ್ಚಿಟ್ಟಿದೀಯ. ನಿನ್ನ ಸಾಯಿಸಿ ನಾನು ಬದುಕಬೇಕಾ?"

ನನಗೆ ಮೊದಲು ಏನೂ ಹೊಳೆಯಲಿಲ್ಲ. ಆರೂ ಹತ್ತು. ಆರೂ ಹತ್ತಕ್ಕೆ ನಾನು ಎಲ್ಲಿರುತ್ತೇನೆ? ಆಮೇಲೆ ಹೊಳೆಯಿತು. ಪೆರುಮಾಳ್ ಕೋವಿಲಿನಲ್ಲಿ ಮಂಗಳಾರತಿ ಮುಗಿದು, ಜಗಲಿಯ ಮೇಲೆ ಕಾಲು ಗಂಟೆ ಕೂತು, ದೊನ್ನೆಯಲ್ಲಿ ಬಿಸಿ ಬಿಸಿ ಪೊಂಗಲ್. ಮೆಣಸು, ಗೋಡಂಬಿ, ದೊನ್ನೆಯ ಅಂಚಿನಲ್ಲಿ ತುಪ್ಪ. ಮಾರ್ಗಳಿ ಒಂದನೇ ದಿನದಿಂದ, ಒಂದು ದಿನವೂ ತಪ್ಪಿಲ್ಲ. ಏಕಾದಶಿ ಬಿಟ್ಟು. ಟೀಚರಿಗೆ ಸಕ್ಕರೆ ಕಾಯಿಲೆ, ಅವರ ದೊನ್ನೆಯೂ ನನಗೇ. ಅವನಿಗೆ ಹೇಳಿದೆ.

"ಪುಸ್ತಕದಲ್ಲಿ ಬರೆದಿಲ್ವಲ್ಲ?" ಅಂದ.

"ಪ್ರಸಾದ ಕಣೋ. ಪ್ರಸಾದಾನ ಊಟ ಅಂತ ಯಾರು ಬರೀತಾರೆ?"

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ಅವನು ನಗತೊಡಗಿದ. ನಗುತ್ತಾ ಕೈ ಅಲುಗಿತು, ಮೆಷಿನ್ ಕೂಗಿತು, ನರ್ಸ್ ಓಡಿ ಬಂದು ನನ್ನನ್ನು ಹೊರಗೆ ಹಾಕಿದಳು. ಇಲ್ಲಿ ಬೆಂಚಿನ ಮೇಲೆ ಕೂತಿದ್ದೇನೆ. ನಾಚಿಕೆ. ಸಂತೋಷ. ಎರಡೂ ಒಟ್ಟಿಗೆ.

ಜನವರಿ 11, ಭಾನುವಾರ

ಇವತ್ತು ಕೂಡಾರವಲ್ಲಿ, ಮಾರ್ಗಳಿಯ ಇಪ್ಪತ್ತೇಳನೇ ದಿನದ ಹಬ್ಬ. ಹಾಲಿನಲ್ಲೇ ಬೇಯಿಸಿದ ಅಕ್ಕಿ, ಬೆಲ್ಲ, ಮೊಣಕೈವರೆಗೆ ಇಳಿಯುವಷ್ಟು ತುಪ್ಪ. ವರ್ಷಕ್ಕೊಂದೇ ದಿನ. ಬೀದಿಯ ತಿರುವಿನಲ್ಲೇ ಪರಿಮಳ ಬಂದು ಕೈ ಹಿಡಿಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ನಮ್ಮ ಭಟ್ಟರು ಎರಡು ಸೌಟು ಹೆಚ್ಚೇ ಕೊಡುವವರು. ಬೇಡ ಎನ್ನುವುದು ಹೇಗೆ? ಅಮ್ಮ ಇದ್ದಿದ್ದರೆ ಕೆನ್ನೆಗೆ ಬಾರಿಸುತ್ತಿದ್ದಳು. ಒಂದು ಅಗುಳು ಕೇಳಿದೆ. ಭಟ್ಟರು ಮುಖ ನೋಡಿದರು. ತಮ್ಮನ ವಿಷಯ ಹೇಳಿದೆ. ಒಂದು ಅಗುಳನ್ನು ತುಳಸಿ ಎಲೆಯ ಮೇಲಿಟ್ಟು ಕೊಟ್ಟರು. "ಪೆರುಮಾಳಿಗೆ ಗೊತ್ತಾಗುತ್ತಮ್ಮ, ನೀನು ನಡಿ," ಅಂದರು.

ನಡೆದೆ. ಜಗಲಿ ದಾಟುವಾಗ 119. ಟೀಚರ್ ತಮ್ಮ ದೊನ್ನೆ ಹಿಡಿದುಕೊಂಡು ಯಾರಿಗೆ ಕೊಡುವುದೆಂದು ತಿಳಿಯದೆ ನಿಂತಿದ್ದರು.

ಜನವರಿ 14, ಬುಧವಾರ. ಬೆಳಿಗ್ಗೆ

74.7. ಇಳಿಯುತ್ತಿದೆ.

ಒಂದು ಮಾತು ಇಲ್ಲಿ ಬರೆದುಬಿಡುತ್ತೇನೆ, ಬೇರೆ ಎಲ್ಲಿಯೂ ಹೇಳಲಾರೆ. ಪ್ರಸಾದ ಲೆಕ್ಕಕ್ಕೆ ಬರುವುದಿಲ್ಲ ಎಂದು ನಾನು ನಿಜವಾಗಿ ನಂಬಿದ್ದೆನೇ? ಗ್ರಾಂ ಗ್ರಾಂ ತೂಗುವವಳು? ಎರಡು ದೊನ್ನೆ ಪೊಂಗಲ್?

ಭಯವಿತ್ತು. ಇದೆ. 75ರಲ್ಲಿ ನಿಂತಿರುವಷ್ಟು ದಿನ ಯಾರೂ ನನ್ನನ್ನು ಮೇಜಿನ ಮೇಲೆ ಮಲಗಿಸುವುದಿಲ್ಲ. ಮಂಜಿನಲ್ಲಿ ಕೊಳ ಸುತ್ತುತ್ತಾ ಇರಬಹುದು, ತಮ್ಮನಿಗಾಗಿ ನಡೆಯುತ್ತಿರುವ ಅಕ್ಕ ಎಂದು ಊರು ಹೊಗಳುತ್ತಾ ಇರುತ್ತದೆ. ಅದು ಸುಖವಾಗಿತ್ತು. ಕನಸಿನ ಹಾಗೆ. ಅವನ ಬಾಯಿ ಒಣಗುತ್ತಿರುವಾಗ ನನಗೆ ಸುಖವಾಗಿತ್ತು...

ಜನವರಿ 19, ಸೋಮವಾರ. ತಂಜಾವೂರು

74.3. ಮುನ್ನೂರು ಗ್ರಾಂ ಹೆಚ್ಚು.

ಡಾಕ್ಟರು ಹತ್ತು ದಿನ ಕೊಟ್ಟರು. ಹೃದಯದ ಪರೀಕ್ಷೆ ಮಾಡಿಸಿದರು, ಕುದುರೆ ಹಾಗಿದೆ ಅಂದರು. ಇಳಂಗೋ ತಾನು ಬೇಡವೆಂದದ್ದನ್ನು ವಾಪಸ್ ತೆಗೆದುಕೊಂಡ. ಆಮೇಲೆ ಇಳಂಗೋನನ್ನು ಹೊರಗೆ ಕಳಿಸಿ, ನನ್ನೊಬ್ಬಳನ್ನೇ ಕೂರಿಸಿಕೊಂಡು ಕೇಳಿದರು, ಮನಸ್ಸು ಬದಲಾಗಿದ್ದರೆ ಹೇಳಿ, ತೂಕ ಇಳಿದಿಲ್ಲ ಎಂದು ನಾನೇ ಬರೆಯುತ್ತೇನೆ, ಯಾರಿಗೂ ತಿಳಿಯುವುದಿಲ್ಲ. ಬಾಗಿಲು ಅಷ್ಟು ಅಗಲ ತೆರೆದುಕೊಂಡಿತ್ತು. ಭಯ ಇದೆ ಅಂದೆ. ಕೊಡುತ್ತೇನೆ ಅಂದೆ.

ಜನವರಿ 29

73.8.

ಫೆಬ್ರವರಿ 15, ಭಾನುವಾರ. ಆಸ್ಪತ್ರೆ

ನಾಳೆ ಆಪರೇಷನ್. ಇವತ್ತು ಬೆಳಿಗ್ಗೆ ಇಳಂಗೋ ನನ್ನ ಜೊತೆ ನಡೆಯಬೇಕೆಂದ. ವಾರ್ಡಿನ ಉದ್ದಕ್ಕೂ ಹೋಗಿ ಬಂದೆವು, ಕೈ ಹಿಡಿದುಕೊಂಡು, ಪುಟ್ಟ ಪುಟ್ಟ ಹೆಜ್ಜೆ. ಕಿಟಕಿಯ ಬಿಸಿಲು ನೆಲದ ಮೇಲೆ ಚೌಕ ಚೌಕ. ಒಂದೊಂದು ಚೌಕಕ್ಕೂ ನಿಂತೆವು. ಬಡಿತ 86 ದಾಟಲಿಲ್ಲ. ವಾಚು ಇದನ್ನು ನಡಿಗೆ ಎಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಫೆಬ್ರವರಿ 16, ಸೋಮವಾರ. 6.40

ಹಸಿರು ಅಂಗಿ ತೊಡಿಸಿದ್ದಾರೆ. ಮೊದಲು ನನ್ನನ್ನು ಒಯ್ಯುತ್ತಾರಂತೆ. ಮಲಗೇ ಇದ್ದೇನೆ, ಕಾಲು ಅಲುಗಿಸಿಲ್ಲ, 121. ಬೆಟ್ಟ ಹತ್ತುವವಳ ಬಡಿತ.

ಈಗಷ್ಟೇ ಇಳಂಗೋನನ್ನು ಗಾಲಿಕುರ್ಚಿಯಲ್ಲಿ ಬಾಗಿಲ ತನಕ ತಂದರು. ಒಳಗೆ ಬಿಡುವುದಿಲ್ಲ. ಅಲ್ಲಿಂದಲೇ ಕೇಳಿದ, "ಅಕ್ಕಾ, ಬಡಿತ ಎಷ್ಟಿದೆ?"

ಮಣಿಕಟ್ಟನ್ನು ಹೊದಿಕೆಯೊಳಗೆ ಎಳೆದುಕೊಂಡೆ. "ಎಪ್ಪತ್ತೆರಡು," ಅಂದೆ.

ಅವನ ಮುಖ ಸಡಿಲವಾಯಿತು. ಹಾಗೇ ನಗುತ್ತಾ ಹೋದ.

ನರ್ಸ್ ಬಂದಳು, ವಾಚು ಬಿಚ್ಚಿ ಕೊಡಿ ಅನ್ನುತ್ತಿದ್ದಾಳೆ. ಒಂದು ನಿಮಿಷ ತಾಯಿ, ಇದೊಂದು ಸಾಲು. ಈಗ 126, ಗುರ್ ಎನ್ನುತ್ತಿದೆ, ಇರಲಿ, ಇನ್ನು ಈ