ಗೋರಿಯೊಳಗೆ ಪೊರಕೆಯ ಸದ್ದು

ಅಕ್ಕನಿಗೆ ಸಲಾಮು. ನನ್ನದು ನಾಲ್ಕನೇ ತರಗತಿಯ ಅಕ್ಷರ, ತಪ್ಪಿದ್ದರೆ ನಗದೆ ಅಮ್ಮನಿಗೆ ಓದಿ ಹೇಳು.

ಕೈರೋದಲ್ಲಿ ನನ್ನ ಗಂಡನ ಮನೆ ಗೋರಿಗಳ ಅಂಗಳದಲ್ಲೇ ಇದೆ ಎಂದು ನಿನಗೆ ಗೊತ್ತಲ್ಲ. ಮೊನ್ನೆ ಸಂಜೆ ರೊಟ್ಟಿ ಬಿಸಿಮಾಡುತ್ತಿದ್ದಾಗ ಕಾಲಡಿಯಿಂದ ಪೊರಕೆಯ ಸದ್ದು ಬಂತು. ಆಮೇಲೆ "ಹಿಕ್ಮತ್, ಏ ಹಿಕ್ಮತ್" ಎಂದು ಕೂಗು. ರೊಟ್ಟಿಯನ್ನು ಒಲೆಯ ಮೇಲೆಯೇ ಬಿಟ್ಟು ಎದ್ದೆ. ಹೊರಗೆ ಗೋರಿಯ ಕಲ್ಲು ಸರಿದಿತ್ತು. ಕೆಳಗೆ, ಈ ಮನೆಯ ಹೆಂಗಸರನ್ನು ಸತ್ತ ಮೇಲೆ ಮಲಗಿಸುವ ನೆಲದಡಿಯ ಕೋಣೆಯಲ್ಲಿ ಅತ್ತೆ ದೀಪವಿಟ್ಟುಕೊಂಡು ಗುಡಿಸುತ್ತಿದ್ದರು. ಹಿಂದೆ ತೀರಿಕೊಂಡವರು ಬಿಳಿ ಬಟ್ಟೆಯಲ್ಲಿ ಸಾಲಾಗಿ ಮಲಗಿದ್ದರು.

"ಹೆದರಬೇಡ ಕಣೇ, ಇನ್ನೂ ಸತ್ತಿಲ್ಲ! ಚಳಿಗಾಲ ದಾಟಲ್ಲ ಅಂದಿದ್ದಾನೆ ಡಾಕ್ಟರು. ನಮ್ಮತ್ತೆ ಪಕ್ಕ ಮಲಗ್ಬೇಕು, ಕಸ ಕಂಡ್ರೆ ಇಲ್ಲೂ ಬೈತಾಳೆ. ಮೇಲಿನ ನನ್ನ ಮಂಚ ಇನ್ನು ನಿಂದು, ಅದರಲ್ಲೇ ಹೆರು. ಹೆಣ್ಣಾದ್ರೆ ನನ್ನ ಹೆಸರು ಬೇಡ, ಹೊಸದಿಡು."

ಹೆರಿಗೆಗೆ ಕರೆದೊಯ್ಯಲು ಅಣ್ಣನನ್ನು ಕಳಿಸಬೇಡ. ಭಯ ಹೋಗಿಲ್ಲ, ಮಲಗಿದಾಗ ಈಗಲೂ ನೆಲಕ್ಕೆ ಕಿವಿಗೊಡುತ್ತೇನೆ. ಆದರೂ ಅತ್ತೆಯೊಬ್ಬರೇ ಅಲ್ಲಿ ಗುಡಿಸುವುದನ್ನು ಕಂಡ ಮೇಲೆ ಅವರನ್ನು ಬಿಟ್ಟು ಬರಲು ಮನಸ್ಸಿಲ್ಲ. ನನ್ನ ಕಾಲಿನ ಬಾವು ಇಳಿದಿದೆ.

ಕಾರ್ಡು ತುಂಬಿತು. ಇವತ್ತು ಬೆಳಿಗ್ಗೆ ಅವರು ಮಲಗುವ ಜಾಗಕ್ಕೆ ಹಾಸಲೆಂದು ಮರಳು ಜರಡಿ ಹಿಡಿದೆ. ಅತ್ತೆ ಅಂಗೈಯಲ್ಲಿ ಸವರಿ ನೋಡಿ, "ಇನ್ನೂ ನುಣ್ಣಗಾಗ್ಬೇಕು" ಎಂದರು. ಮತ್ತೆ ಹಿಡಿದೆ.

ನಿನ್ನ ಹಿಕ್ಮತ್